ಮ್ಯಾಕ್ರೋ ಅಂದ್ರೆ ಬರೀ ಸ್ಟೈಲ್ ವಿಷಯ ಅಲ್ಲ

ಸಿ ಕೋಡ್ ಬರೆಯುವವರ ನಡುವೆ ಆಗಾಗ ಕೇಳುವ ಮಾತು: "ಮ್ಯಾಕ್ರೋಗೆ ಯಾವ ಹೆಸರು, ಇಫ್ ಬೇಕಾ ಇಫ್‌ಡೆಫ್ ಬೇಕಾ, ಇದೆಲ್ಲ ಸ್ಟೈಲ್ ವಿಷಯ. ಕೋಡ್ ಓಡಿದರೆ ಸಾಕು." ಮ್ಯಾಕ್ರೋ ಅಂದ್ರೆ ಕಂಪೈಲ್ ಆಗುವ ಮೊದಲೇ ಕೋಡಿನಲ್ಲಿ ಬೇರೆ ಬರಹವಾಗಿ ಬದಲಾಗುವ ಹೆಸರು; ಇಫ್, ಇಫ್‌ಡೆಫ್ ಅದನ್ನು ನೋಡಿ ಯಾವ ಕೋಡ್ ಉಳಿಯಬೇಕು ಅಂತ ತೀರ್ಮಾನಿಸುತ್ತವೆ. ಇದೆಲ್ಲ ಬರೀ ಸ್ಟೈಲ್ ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಸಣ್ಣಪುಟ್ಟ ಪ್ರೋಗ್ರಾಮಿಗೆ ಬೇಕಾದರೆ ಹಾಗನ್ನಿ. ಸಿ ಸ್ಟ್ಯಾಂಡರ್ಡ್ ಲೈಬ್ರರಿಗೆ ಆ ಮಾತು ನಡೆಯುವುದಿಲ್ಲ. ಅದರ ಹೆಡರ್ ಫೈಲುಗಳನ್ನು (ಫಂಕ್ಷನ್, ಟೈಪುಗಳ ವಿವರ ಇರುವ ಫೈಲುಗಳು) ಕಂಪೈಲರ್ ಲೈಬ್ರರಿ ಕಟ್ಟುವವರ ಮನೆಯಲ್ಲೂ ಓದುತ್ತದೆ, ಬಳಸುವವರ ಮನೆಯಲ್ಲೂ ಓದುತ್ತದೆ. ಎರಡೂ ಕಡೆ ಮ್ಯಾಕ್ರೋಗಳ ಉತ್ತರ ಒಂದೇ ಇರದಿದ್ದರೆ ಕೆಲಸ ಕೆಟ್ಟಿತು.

ಬದಿಯಡ್ಕದ ಹತ್ತಿರ ಮನೆಯಿಂದಲೇ ಕೆಲಸ ಮಾಡುವವನು ನಾನು. ಕನ್ನಡ ಮೀಡಿಯಂನಲ್ಲಿ ಹತ್ತನೇ ತನಕ ಓದಿ ಈಗ ಇಂಜಿನಿಯರಿಂಗ್ ಮಾಡುತ್ತಿರುವ ಊರಿನ ಮಕ್ಕಳು ಕೆಲವರು ಭಾನುವಾರ ಬರುತ್ತಾರೆ. ಅವರಲ್ಲಿ ಒಬ್ಬ ಕೇಳಿದ, "ಅಣ್ಣಾ, ಹಾಗೆ ಹೊಂದಿಕೆ ಆಗದಿದ್ದರೆ ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಲಿಂಕರ್ ಹೇಳುವುದಿಲ್ವಾ?"

ಹೇಳುವುದಿಲ್ಲ ಮಾರಾಯ. ಅಂಗಳದಲ್ಲಿ ಇಬ್ಬರು ಕೂತು ಅಡಿಕೆ ಹೆಕ್ಕುತ್ತಾರೆ ಅಂತಿಟ್ಟುಕೋ. ಒಬ್ಬರ ಲೆಕ್ಕದಲ್ಲಿ ಕಳಪೆ ಪಟೋರ ಆದದ್ದು ಇನ್ನೊಬ್ಬರ ಲೆಕ್ಕದಲ್ಲಿ ಒಳ್ಳೆ ಚಾಲಿ. ಗೋಣಿಯ ಮೇಲೆ ಬರೆದದ್ದು ಮಾತ್ರ ಒಂದೇ ಹೆಸರು. ಲಿಂಕರ್ ನೋಡುವುದು ಆ ಹೆಸರನ್ನು ಅಷ್ಟೇ. ಸಿ ಭಾಷೆಯಲ್ಲಿ ಫಂಕ್ಷನ್ನಿನ ಹೆಸರಿನ ಜೊತೆ ಟೈಪಿನ ವಿವರ ಹೋಗುವುದಿಲ್ಲ. ಗಲಾಟೆ ಶುರುವಾಗುವುದು ಗೋಣಿ ಬಿಚ್ಚಿದ ಮೇಲೆ.

ಉದಾಹರಣೆಗೆ ಸಣ್ಣ ಬೋರ್ಡುಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ನ್ಯೂಲಿಬ್ ಎಂಬ ಸಿ ಲೈಬ್ರರಿ ತಗೊಳ್ಳಿ. ಅದರಲ್ಲಿ ರೀಎಂಟ್ ಅಂತ ಒಂದು ಸ್ಟ್ರಕ್ಟ್ (ಹಲವು ಡೇಟಾ ಸೇರಿಸಿದ ಕಟ್ಟು) ಇದೆ. ಎರ್‌ನೋ (ತಪ್ಪಿನ ಸಂಖ್ಯೆ), ಸ್ಟ್ಯಾಂಡರ್ಡ್ ಔಟ್‌ಪುಟ್ಟಿನ ಪಾಯಿಂಟರ್ (ವಿಳಾಸ) ಎಲ್ಲ ಅದರೊಳಗೆ. ರೀಎಂಟ್ ಸ್ಮಾಲ್ ಎಂಬ ಮ್ಯಾಕ್ರೋ ಇದ್ದರೆ ಅದರ ದೊಡ್ಡ ದೊಡ್ಡ ಭಾಗಗಳು ಹೋಗಿ ಅಲ್ಲಿ ಬರೀ ಪಾಯಿಂಟರ್ ಬರುತ್ತದೆ. ಸ್ಟ್ರಕ್ಟಿನ ಅಳತೆಯೇ ಬೇರೆ. ನ್ಯೂಲಿಬ್‌ನ ಸಣ್ಣ ರೂಪವಾದ ನ್ಯಾನೋ ಲೈಬ್ರರಿ ಕಟ್ಟಿರುವುದು ಈ ಸಣ್ಣ ಅಳತೆಯಲ್ಲಿ. ಅದಕ್ಕೇ ಆರ್ಮ್ ಚಿಪ್ಪುಗಳ ಟೂಲ್‌ಚೈನಿನ (ಕಂಪೈಲರ್, ಲಿಂಕರ್ ಎಲ್ಲ ಸೇರಿದ ಕಟ್ಟು) ನ್ಯಾನೋ ಸ್ಪೆಕ್ಸ್ ಫೈಲು, ಅಂದರೆ ಜಿಸಿಸಿ ಕಂಪೈಲರಿಗೆ ಆಯ್ಕೆಗಳನ್ನು ಹೇಳುವ ಫೈಲು, ಕಂಪೈಲ್ ಮಾಡುವಾಗ ನ್ಯಾನೋದ ಹೆಡರ್ ಇರುವ ಫೋಲ್ಡರನ್ನು ಮುಂದಕ್ಕೆ ತಂದು ಇಡುತ್ತದೆ. ಈಗ ಯಾರೋ ಆ ಸ್ಪೆಕ್ಸನ್ನು ಲಿಂಕ್ ಮಾಡುವಾಗ ಮಾತ್ರ ಕೊಟ್ಟರು, ಕಂಪೈಲ್ ಮಾಡುವಾಗ ಬಿಟ್ಟರು ಅನ್ನಿ. ಸಣ್ಣ ಬೋರ್ಡುಗಳ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಆರ್‌ಟಿಓಎಸ್‌ನಲ್ಲಿ ನ್ಯೂಲಿಬ್ ರೀಎಂಟ್ರಂಟ್ ಆಯ್ಕೆ ಹಾಕಿದರೆ ಪ್ರತಿ ಟಾಸ್ಕಿಗೂ ಒಂದೊಂದು ರೀಎಂಟ್ ಸ್ಟ್ರಕ್ಟ್ ಇರುತ್ತದೆ. ಕರ್ನಲ್ ಅದನ್ನು ದೊಡ್ಡ ನಕ್ಷೆ ನೋಡಿ ತುಂಬಿಸುತ್ತದೆ. ಲೈಬ್ರರಿ ಸಣ್ಣ ನಕ್ಷೆ ನೋಡಿ ಓದುತ್ತದೆ. ಕಂಪೈಲರ್ ಸುಮ್ನಿರುತ್ತದೆ, ಲಿಂಕರ್ ಸುಮ್ನಿರುತ್ತದೆ. ಬೋರ್ಡ್ ಸ್ವಲ್ಪ ಹೊತ್ತು ಸರಿಯಾಗಿ ಓಡಲೂಬಹುದು. ಆಮೇಲೆ ಸಂಬಂಧವೇ ಇಲ್ಲದ ಯಾವುದೋ ಟಾಸ್ಕಿನಲ್ಲಿ ಬಿದ್ದುಹೋದರೆ ಎಲ್ಲಿಂದ ಹುಡುಕುತ್ತೀರಿ?

ದೊಡ್ಡ ಕಂಪ್ಯೂಟರುಗಳಲ್ಲೂ ಇದೇ ಕಥೆ. 32 ಬಿಟ್ ಲಿನಕ್ಸ್‌ನಲ್ಲಿ ಜಿಲಿಬ್‌ಸಿ ಎಂಬ ಸಿ ಲೈಬ್ರರಿ ಬಳಸುವಾಗ ಫೈಲ್ ಆಫ್‌ಸೆಟ್ ಬಿಟ್ಸ್ ಮ್ಯಾಕ್ರೋಗೆ 64 ಅಂತ ಕೊಟ್ಟರೆ ಆಫ್‌ಟಿ (ಫೈಲಿನೊಳಗಿನ ಜಾಗ ಹೇಳುವ ಟೈಪ್) 8 ಬೈಟ್, ಇಲ್ಲದಿದ್ದರೆ 4. 2038ರಲ್ಲಿ 32 ಬಿಟ್ ಸಮಯದ ಲೆಕ್ಕ ಮುಗಿದುಹೋಗುವ ಸಮಸ್ಯೆಗೆ ಜಿಲಿಬ್‌ಸಿ 2021ರಲ್ಲಿ ಟೈಮ್ ಬಿಟ್ಸ್ ಎಂಬ ಇನ್ನೊಂದು ಮ್ಯಾಕ್ರೋ ತಂದಿತು. ಆಯ್ಕೆ ಬಳಸುವವರದ್ದು. ಮಸ್ಲ್ ಲೈಬ್ರರಿಯವರು 2020ರಲ್ಲೇ ಎಲ್ಲ 32 ಬಿಟ್ ಯಂತ್ರಗಳಿಗೂ ಸಮಯ ಇಡುವ ಟೈಪಾದ ಟೈಮ್‌ಟಿಯನ್ನು 64 ಬಿಟ್ ಮಾಡಿಬಿಟ್ಟರು. ಆಯ್ಕೆಯೇ ಇಲ್ಲ. ಹಳೆಯ ಬೈನರಿಗಳ ಭಾರ ಹೊತ್ತ ಜಿಲಿಬ್‌ಸಿಗೆ ಅಷ್ಟು ಸುಲಭ ಇರಲಿಲ್ಲ, ಅದು ನಿಜ. ಆದರೂ ಮಸ್ಲ್‌ನವರ ದಾರಿಯೇ ನನಗೆ ಇಷ್ಟ. ಮ್ಯಾಕ್ರೋ ಒಂದು ಕಮ್ಮಿ ಆದಷ್ಟೂ ತಪ್ಪುವ ದಾರಿ ಒಂದು ಕಮ್ಮಿ.

ಇನ್ನು ಇಫ್ ಮತ್ತು ಇಫ್‌ಡೆಫ್ ಜಗಳ. ಇಫ್‌ಡೆಫ್ ಕೇಳುವುದು ಹೆಸರು ಇದೆಯಾ ಇಲ್ವಾ ಅಂತ ಮಾತ್ರ. ಬೆಲೆ 0 ಇದ್ದರೂ ಅದಕ್ಕೆ "ಇದೆ". ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ "ಇಲ್ಲ". ಆ ಕೋಡು ಸದ್ದಿಲ್ಲದೆ ಮಾಯ. ಅದೇ ಪ್ರತಿ ಮ್ಯಾಕ್ರೋಗೂ 0 ಅಥವಾ 1 ಕೊಟ್ಟು, ಎಲ್ಲ ಕಡೆ ಇಫ್ ಬಳಸಿ, ಅನ್‌ಡೆಫ್ ವಾರ್ನಿಂಗ್ (ಇಲ್ಲದ ಹೆಸರನ್ನು ಇಫ್ ಕೇಳಿದರೆ ಬರುವುದು) ಹಾಕಿದರೆ ತಪ್ಪು ಹೆಸರನ್ನು ಕಂಪೈಲರೇ ಹಿಡಿದು ಕೊಡುತ್ತದೆ. ಜಿಲಿಬ್‌ಸಿ ತಂಡ ಹಳೆಯ ಕೋಡನ್ನೆಲ್ಲ ಈ ಪದ್ಧತಿಗೆ ತರಲು ಎಷ್ಟೋ ಬೆವರು ಸುರಿಸಿದೆ. ಬಳಸುವವರ ಮನೆಯಲ್ಲಿ ಈ ವಾರ್ನಿಂಗ್ ಕಾಣುವುದೂ ಇಲ್ಲ. ಸಿಸ್ಟಮ್ ಹೆಡರುಗಳ ಒಳಗಿನ ವಾರ್ನಿಂಗುಗಳನ್ನು ಜಿಸಿಸಿ ಮಾಮೂಲಾಗಿ ಮುಚ್ಚಿಡುತ್ತದೆ. ಹಾಗಾಗಿ ಹಿಡಿಯುವುದಾದರೆ ಕಟ್ಟುವವರೇ ಹಿಡಿಯಬೇಕು.

(ಅಸರ್ಟ್ ಎಂಬ ಓಡುವಾಗಿನ ತಪಾಸಣೆಯನ್ನು ಬಂದ್ ಮಾಡುವ ಎನ್‌ಡೀಬಗ್ ಮ್ಯಾಕ್ರೋ ಇದಕ್ಕೆ ಹೊರತು. ಅದಕ್ಕೆ 0 ಕೊಟ್ಟರೂ ಅಸರ್ಟ್ ಬಂದ್! ಸ್ಟ್ಯಾಂಡರ್ಡಿನಲ್ಲೇ ಹಾಗಿದೆ, ಇನ್ನು ಯಾರೂ ಬದಲಾಯಿಸುವುದಿಲ್ಲ.)

ಎಲ್‌ಎಲ್‌ವಿಎಮ್ ಲಿಬ್‌ಸಿ ಎಂಬ ಇನ್ನೊಂದು ಸಿ ಲೈಬ್ರರಿಯವರು ಮ್ಯಾಕ್ರೋ ಹೆಸರಿನ ಮೊದಲ ಭಾಗದಲ್ಲೇ ಜಾತಿ ಬೇರೆ ಮಾಡಿದ್ದಾರೆ. ಯಂತ್ರದ ಬಗ್ಗೆ ಹೇಳುವುದಕ್ಕೆ ಲಿಬ್‌ಸಿ ಟಾರ್ಗೆಟ್, ಕಂಪೈಲರ್ ಬಗ್ಗೆ ಆದರೆ ಲಿಬ್‌ಸಿ ಕಂಪೈಲರ್, ಕಟ್ಟುವವರು ಹೊರಗಿನಿಂದ ಕೊಡುವ ಆಯ್ಕೆಗೆ ಲಿಬ್‌ಸಿ ಕಾಪ್ಟ್. ಹೆಸರುಗಳು ಮಾರುದ್ದ, ನೋಡಲು ಚಂದವೂ ಇಲ್ಲ. ಆದರೆ ಓದಿದ ಕೂಡಲೇ ಇದು ಎಲ್ಲಿಂದ ಬಂತು, ಯಾರು ಬದಲಾಯಿಸಬಹುದು ಅಂತ ಗೊತ್ತಾಗುತ್ತದೆ. ನನಗೆ ಅಷ್ಟು ಸಾಕು.

"ಇಷ್ಟೆಲ್ಲ ನಿಯಮ ಯಾರು ನೆನಪಿಟ್ಟುಕೊಳ್ಳುತ್ತಾರೆ ಅಣ್ಣಾ?" ಅಂತ ಇನ್ನೊಬ್ಬಳು ಕೇಳಿದಳು. ಯಾರೂ ಇಟ್ಟುಕೊಳ್ಳಬಾರದು. ಆಯ್ಕೆಗಳನ್ನು ಮೇಕ್‌ಫೈಲಿನ ಮೂಲೆಮೂಲೆಯಲ್ಲಿ ಚೆಲ್ಲಬೇಡಿ. ಕಾನ್ಫಿಗರ್ ಮಾಡುವಾಗ ಒಂದು ಹೆಡರಿಗೆ ಬರೆಸಿ, ಆ ಹೆಡರನ್ನು ಲೈಬ್ರರಿಯ ಜೊತೆಗೇ ಕಳಿಸಿ. ಅನ್‌ಡೆಫ್ ವಾರ್ನಿಂಗನ್ನು ಎರರ್ ಮಾಡಿ. ಹೊಸ ಮ್ಯಾಕ್ರೋ ಬಂದರೆ ರಿವ್ಯೂನಲ್ಲಿ ಮೊದಲ ಪ್ರಶ್ನೆ, ಇದು ಪಬ್ಲಿಕ್ ಹೆಡರಿನಲ್ಲಿ ಯಾವುದಾದರೂ ಸ್ಟ್ರಕ್ಟಿನ ಅಳತೆ ಬದಲಿಸುತ್ತದಾ ಅಂತ. ಹೌದಾದರೆ ನಾನಂತೂ ಸುಲಭಕ್ಕೆ ಒಪ್ಪುವುದಿಲ್ಲ.

ನಿಮ್ಮ ಪ್ರಾಜೆಕ್ಟಿನಲ್ಲಿ ಅನುಮಾನ ಇದ್ದರೆ ಇವತ್ತೇ ನೋಡಬಹುದು. ಜಿಸಿಸಿಗೆ ಡಿಎಮ್ ಮತ್ತು ಕ್ಯಾಪಿಟಲ್ ಇ ಎರಡೂ ಆಯ್ಕೆ ಕೊಟ್ಟರೆ ಆ ಫೈಲಿನ ಕೊನೆಗೆ ಉಳಿದಿರುವ ಮ್ಯಾಕ್ರೋಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಲೈಬ್ರರಿ ಕಟ್ಟಿದ ಫ್ಲಾಗುಗಳಲ್ಲಿ ಒಂದು ಪಟ್ಟಿ ತೆಗೆಯಿರಿ, ಆ್ಯಪ್ ಕಟ್ಟುವ ಫ್ಲಾಗುಗಳಲ್ಲಿ ಇನ್ನೊಂದು. ಸಾರ್ಟ್ ಮಾಡಿ ಡಿಫ್ ಹಾಕಿ. ಏನು ಸಿಕ್ಕಿತು ಅಂತ ಕೆಳಗೆ ಬರೆಯಿರಿ.