ಮಾರ್ಚ್ ತಿಂಗಳಲ್ಲಿ ಮಾತ್ರ ಇರುವ ಊರು

ಫೋಟೊದ ಫೋಟೊ ತೆಗೆದು ಹಾಜರಿ ಹಾಕಿದ ಕಥೆ ನಿಮಗೆ ಗೊತ್ತೇ ಇದೆ. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡ ಮೇಲೆ ಗುಟ್ಟೇನು ಬಂತು? ಉದ್ಯೋಗ ಖಾತ್ರಿ ಕೆಲಸ ನಡೆಯುವಲ್ಲಿ ನಿಂತು ಕೂಲಿಯವರ ಫೋಟೊ ತೆಗೆಯಿರಿ ಅಂದರೆ, ಹಳೇ ಫೋಟೊವನ್ನು ಇನ್ನೊಂದು ಮೊಬೈಲಿನಲ್ಲಿ ತೆರೆದಿಟ್ಟು ಅದಕ್ಕೇ ಕ್ಯಾಮೆರಾ ಹಿಡಿದರು. ಕೆಲವರು ಸಂಬಂಧವೇ ಇಲ್ಲದ ಯಾವುದೋ ಚಿತ್ರ ಹಾಕಿದರು. ಪರಿಹಾರ ಏನಪ್ಪಾ ಅಂದರೆ, ಈ ಫೋಟೊಗಳನ್ನು ಪಂಚಾಯ್ತಿ, ತಾಲ್ಲೂಕು, ಜಿಲ್ಲೆ, ರಾಜ್ಯ ಹೀಗೆ ನಾಲ್ಕು ಕಡೆ ಕೂತು ನೋಡಬೇಕಂತೆ. ನನ್ನ ಮದುವೆ ಆಲ್ಬಮ್ಮನ್ನೂ ಇಷ್ಟು ಜನ ನೋಡಲಿಲ್ಲ.

ಆದರೆ ನಾನು ಬರೆಯಹೊರಟಿದ್ದು ನಕ್ಷೆಯ ಬಗ್ಗೆ. ಎರಡೂ ಒಂದೇ ಮನೆಯ ಮಕ್ಕಳು.

ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ಹಳ್ಳಿ ಉದ್ಧಾರ ಮಾಡುವ ವಿದ್ಯೆಯಲ್ಲಿ ನಮಗೆ ಸರಿಸಾಟಿ ಇಲ್ಲ. ಇಸ್ರೋದ ಉಪಗ್ರಹ ನಕ್ಷೆ ಭುವನ್ 2009ರಿಂದ ಇದೆ. 2016ರಲ್ಲಿ ಉದ್ಯೋಗ ಖಾತ್ರಿ ಕೆಲಸಗಳನ್ನೆಲ್ಲ ಅದರ ಮೇಲೆ ಚುಕ್ಕಿ ಇಟ್ಟು ಗುರುತಿಸಲು ಶುರು ಮಾಡಿದರು. 2021ರಲ್ಲಿ ಯುಕ್ತಧಾರಾ ಬಂತು. ಪಂಚಾಯ್ತಿಯವರು ಅದರಲ್ಲಿ ಇಳಿಜಾರು, ಹಳ್ಳ, ಭೂಬಳಕೆ ಎಲ್ಲ ನೋಡಿ ಮುಂದಿನ ವರ್ಷದ ಕೆಲಸ ಆರಿಸಬೇಕು. ಪಂಚಾಯತ್ ರಾಜ್ ಸಚಿವಾಲಯ ಸುಮ್ನೆ ಕೂರುತ್ತದೆಯೇ? ಅದರದ್ದು ಗ್ರಾಮ ಮಾನಚಿತ್ರ. ನಮ್ಮ ರಾಜ್ಯದ್ದು ದಿಶಾಂಕ್. ಹಳ್ಳ ದಾಟಲು ಒಂದು ಕಾಲುಸಂಕಕ್ಕೆ ಗತಿಯಿಲ್ಲದ ಊರಿಗೆ ನಾಲ್ಕು ನಕ್ಷೆ!

ನಮ್ಮದು ಮಲೆನಾಡಿನ ಮೂಲೆ. ಮೊನ್ನೆ ಗ್ರಾಮ ಸಭೆಯಲ್ಲಿ ಗೋಡೆಯ ಮೇಲೆ ಊರಿನ ನಕ್ಷೆ ಬಿಟ್ಟರು. ನೋಡಲು ಬಲು ಚಂದ. ಗುಡ್ಡಕ್ಕೊಂದು ಬಣ್ಣ, ಗದ್ದೆಗೊಂದು ಬಣ್ಣ. ಪಿಡಿಒ ಅವರು ಕೋಲು ಹಿಡಿದು, ಗುಡ್ಡದ ನೆತ್ತಿಯಿಂದ ಕೆಳಗಿನವರೆಗೆ ನೀರು ಹೇಗೆ ಇಂಗಿಸಬೇಕು ಅಂತ ವಿವರಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ ಅಜ್ಜ ಎದ್ದರು.

"ಅಲ್ಲ ಮಾರಾಯ್ರೇ, ಹಳ್ಳ ಎಲ್ಲಿ ಹೋಯ್ತು?"

"ಇದೆಯಲ್ಲ ಅಜ್ಜಾ, ಈ ತೆಳು ಗೆರೆ."

"ಅದಾ? ಅದು ದನ ಓಡಾಡೋ ಜಾಡು ಅಂದ್ಕೊಂಡೆ."

ಸಭೆ ನಕ್ಕಿತು. ಆದರೆ ಅಜ್ಜ ಹೇಳಿದ್ದೇ ಸರಿ. ಮೇಲಿನಿಂದ ಫೋಟೊ ಹೊಡೆಯುವ ಉಪಗ್ರಹಕ್ಕೆ ಮೋಡದೊಳಗೆ ಕಣ್ಣು ಹಾಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೇಲೆ ಮೋಡ ಬಿಟ್ಟರೆ ಬೇರೇನಿಲ್ಲ. ಹಾಗಾಗಿ ಅದಕ್ಕೆ ಸ್ಪಷ್ಟವಾಗಿ ಕಾಣುವುದು ಬಿಸಿಲುಗಾಲದ ಊರು. ಫೆಬ್ರವರಿ, ಮಾರ್ಚ್. ಆಗ ಹಳ್ಳದಲ್ಲಿ ಕಾಲು ತೊಳೆಯಲೂ ನೀರಿರುವುದಿಲ್ಲ, ಆಚೆ ಕೇರಿಗೆ ಚಪ್ಪಲಿ ಕಳಚದೆ ದಾಟಬಹುದು. ಯೋಜನೆಯೂ ಆ ಊರಿಗೇ ಆಗುತ್ತದೆ. ಆಷಾಢದಲ್ಲಿ ಅದೇ ಹಳ್ಳ ಎರಡು ಆಳು ಎತ್ತರ ಬಂದು, ಮಕ್ಕಳು ಶಾಲೆಗೆ ಸುತ್ತುಬಳಸಿ ಹೋಗುತ್ತಾರಲ್ಲ, ಆ ಊರು ಇನ್ನೂ ನಕ್ಷೆಗೆ ಬಂದಿಲ್ಲ. ಇನ್ನು ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಕಾಡು ಮೂರೂ ಆಕಾಶಕ್ಕೆ ಒಂದೇ ಹಸಿರು. ನಮಗೆ ಮಾತ್ರ ಅವು ಮೂರು ಬೇರೆ ಬೇರೆ ಕೋರ್ಟ್ ಕೇಸು.

ಕೇಸು ಅಂದಾಗ ನೆನಪಾಯಿತು. ದಿಶಾಂಕ್ ಬಗ್ಗೆ ಸುಳ್ಳು ಹೇಳಬಾರದು, ನನಗದು ಇಷ್ಟ. ನಿಂತ ಜಾಗದ ಸರ್ವೆ ನಂಬರು ಬೆರಳ ತುದಿಗೇ ಬರುತ್ತದೆ. ಮೊದಲು ಶಾನುಭೋಗರ ಮನೆ ಜಗಲಿಯಲ್ಲಿ ಅರ್ಧ ದಿನ ಕಾಯಬೇಕಿತ್ತು. ಆದರೆ ನಮ್ಮೂರಲ್ಲಿ ಅದು ಮೊದಲು ಮಾಡಿದ ಕೆಲಸ ಅಂದರೆ ಜಗಳ ಹಚ್ಚಿದ್ದು. ಪಕ್ಕದ ಮನೆಯ ಭಾವಯ್ಯ ಮೊಬೈಲು ಹಿಡಿದು ಬೇಲಿಯಗುಂಟ ನಡೆದರು. ನೀಲಿ ಚುಕ್ಕಿ ಒಮ್ಮೆ ನಮ್ಮ ತೋಟದಲ್ಲಿ, ಒಮ್ಮೆ ಅವರ ತೋಟದಲ್ಲಿ. ಮೊಬೈಲಿನ ಜಿಪಿಎಸ್ಸು ನಾಲ್ಕಾರು ಮೀಟರು ಆಚೀಚೆ ಆಗುವುದು ಸಹಜ. ಹಳೇ ಸರ್ವೆಯವರು 33 ಅಡಿಯ ಸರಪಳಿ ಹಿಡಿದು, ಅದನ್ನು ಆಣೆ ಎಂಬ 16 ಭಾಗ ಮಾಡಿ, ಜಿಗಣೆ ಕಚ್ಚಿಸಿಕೊಂಡು ಅಳೆದಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಆಣೆ ಲೆಕ್ಕದಲ್ಲಿ ಹಾಕಿದ ಗಡಿಯನ್ನು ಭಾವಯ್ಯ ಆಕಾಶದಿಂದ ಬಂದ ಚುಕ್ಕಿ ನಂಬಿ ಎರಡು ಸಾಲು ಅಡಿಕೆ ಮರದಷ್ಟು ಸರಿಸಲು ನೋಡಿದರು. ಬಾಂದುಕಲ್ಲು ತೋರಿಸಿದೆ. "ಕಲ್ಲು ಅಪ್ಡೇಟ್ ಆಗಿಲ್ಲ" ಅಂದರು.

ಕೆಲಸಗಳ ಪಟ್ಟಿಯಲ್ಲಿ ಕೈಯಿಂದ ಅಕ್ಷಾಂಶ ರೇಖಾಂಶ ತುಂಬುವವರ ಸಾಹಸ ಇನ್ನೂ ದೊಡ್ಡದು. ನಮ್ಮೂರು ಉತ್ತರಕ್ಕೆ 14, ಪೂರ್ವಕ್ಕೆ 75ರ ಆಸುಪಾಸು. ಎರಡನ್ನೂ ಅದಲುಬದಲು ಬರೆದು ನೋಡಿ. ಊರು ನೆಟ್ಟಗೆ ಉತ್ತರ ಧ್ರುವದ ಕಡೆ ಹೊರಟು, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣದ ಸಮುದ್ರಕ್ಕೆ ಬೀಳುತ್ತದೆ. ಅಲ್ಲಿ ನಮ್ಮ ಕೃಷಿ ಹೊಂಡಕ್ಕೆ ನೀರಿನ ಕೊರತೆ ಇಲ್ಲ. ಏನೂ ತುಂಬದೆ ಸೊನ್ನೆ ಸೊನ್ನೆ ಬಿಟ್ಟರೆ ಆಫ್ರಿಕಾದ ಪಶ್ಚಿಮಕ್ಕೆ, ಗಿನಿ ಕೊಲ್ಲಿಗೆ. ನಕ್ಷೆ ಮಾಡುವವರು ಅದಕ್ಕೆ ತಮಾಷೆಗೆ ನಲ್ ಐಲ್ಯಾಂಡ್ ಅನ್ನುತ್ತಾರೆ. ಹೆಸರಿಗೆ ದ್ವೀಪ, ನೆಲವೇ ಇಲ್ಲ. ಇಡೀ ಜಗತ್ತಿನ ಮರೆವೆಲ್ಲ ಹೋಗಿ ಸೇರುವ ಜಾಗ. ಎಷ್ಟು ಇಂಗುಗುಂಡಿ, ಎಷ್ಟು ದನದ ಕೊಟ್ಟಿಗೆ ಅಲ್ಲಿ ತೇಲುತ್ತಿವೆಯೋ! ಅಲ್ಲೊಂದು ಗ್ರಾಮ ಪಂಚಾಯ್ತಿ ಮಾಡಿ ಪಿಡಿಒ ಹಾಕುವುದು ಒಳ್ಳೆಯದು. ಅಲ್ಲಿಗಾದರೂ ವರ್ಗ ಮಾಡಿಸಿಕೊಳ್ಳಲು ಜನ ದುಡ್ಡು ಕೊಡುತ್ತಾರೆ.

ಹಾಜರಿ ಫೋಟೊ ತೆಗೆಯುವವರಿಗೆ ಕಾಯಕಬಂಧು ಅಂತ ಚಂದದ ಹೆಸರಿದೆ. ನಮ್ಮೂರಿನ ಕಾಯಕಬಂಧು ಒಬ್ಬ ಹೆಣ್ಣುಮಗಳು. ದಿನಕ್ಕೆ ಎರಡು ಫೋಟೊ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಬದು ಕಡಿಯುವ ಕೆಲಸ ಬೇಗ ಮುಗಿದರೂ ಮನೆಗೆ ಹೋಗುವ ಹಾಗಿಲ್ಲ, ಎರಡನೇ ಫೋಟೊಗೆ ಮುಖ ಕೊಡಬೇಕು. ಫೋಟೊ ತೆಗೆದರೂ ಮೇಲೆ ಕಳಿಸಲು ನೆಟ್‌ವರ್ಕ್ ಬೇಕಲ್ಲ. ಅದು ಸಿಗುವುದು ಗುಡ್ಡದ ನೆತ್ತಿಯಲ್ಲಿ. ಹಾಗಾಗಿ ಅವಳು ಗುಡ್ಡ ಹತ್ತುತ್ತಾಳೆ, ಮಳೆಯಲ್ಲಿ, ಮೊಬೈಲನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು. ಒಂದು ದಿನ ಫೋಟೊ ಹೋಗದಿದ್ದರೆ ಅಷ್ಟೂ ಜನರ ದಿನದ ಕೂಲಿಗೇ ಕುತ್ತು, 2025ರಲ್ಲಿ ಅದು 370 ರೂಪಾಯಿ ಇತ್ತು. ಕೆಲಸ ಆಗಿದೆ, ಮಣ್ಣು ಕಣ್ಣೆದುರು ಬಿದ್ದಿದೆ, ಆದರೂ ಇಲ್ಲ. 15 ದಿನದಲ್ಲಿ ಕೂಲಿ ಕೊಡಬೇಕು ಅಂತ ಕಾನೂನು ಬರೆದವರು ತಡ ಮಾಡಿದಾಗ ಅವರ ಫೋಟೊ ಯಾರೂ ಕೇಳುವುದಿಲ್ಲ. ಕಳ್ಳನಿಗೆ ಫೋಟೊದ ಫೋಟೊ ತೆಗೆಯಲು ಮನೆ ಜಗಲಿ ಸಾಕು. ಗುದ್ದಲಿ ಹಿಡಿದವಳಿಗೇ ಗುಡ್ಡ. ಇದನ್ನು ತಮಾಷೆ ಮಾಡಿ ಬರೆಯಲು ನೋಡಿದೆ, ಆಗಲಿಲ್ಲ.

ಮತ್ತೆ ಕಾಲುಸಂಕದ ವಿಷಯ. ನಮ್ಮ ಹಳ್ಳಕ್ಕೂ ಒಂದು ಸಂಕ ಆಗಿತ್ತು. ನಿಯಮದ ಪ್ರಕಾರ ಕೆಲಸಕ್ಕೆ ಮೊದಲು ಒಂದು, ನಡೆಯುವಾಗ ಒಂದು, ಮುಗಿದ ಮೇಲೆ ಒಂದು ಫೋಟೊ. ನಾಲ್ಕನೆಯದನ್ನು, ಅಂದರೆ ಮರುವರ್ಷ ಹಳ್ಳ ಅದನ್ನು ಹೊತ್ತುಕೊಂಡು ಹೋದದ್ದನ್ನು ಹಾಕಲು ಜಾಗವೇ ಇರಲಿಲ್ಲ. ಹೊಸ ಸಂಕ ಬೇಕು ಅಂತ ಊರಿನವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟೆವು. ಉತ್ತರ ಬೇಗ ಬಂತು. ಸದರಿ ಜಾಗದಲ್ಲಿ ಈಗಾಗಲೇ ಸಂಕ ಇದೆಯಂತೆ. ಜೊತೆಗೆ ಮೂರು ಫೋಟೊ ಲಗತ್ತಿಸಿದ್ದರು.