ಪತಿಯ ಹೆಸರು ಎಂಬ ಕಾಲಂ

ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಅದನ್ನು ನಂಬಿ, ಬಾಲಮಂದಿರದಲ್ಲಿರುವ ಒಬ್ಬ ಹುಡುಗಿಯನ್ನು ಪೋಷಕತ್ವದಡಿ, ಅಂದರೆ ದತ್ತು ಪಡೆಯದೆಯೇ ಮನೆಯಲ್ಲಿಟ್ಟು ಸಾಕುವ ವ್ಯವಸ್ಥೆಯಡಿ, ಮನೆಗೆ ಕರೆತರಲು ಅರ್ಜಿ ಹಾಕಿದ ನನಗೆ ಇಂದು ಉಳಿದಿರುವುದು ಸಿಟ್ಟು ಮಾತ್ರ.

ನಾನು ಅವಿವಾಹಿತೆ. ಪೋಷಕತ್ವದ ಕುರಿತ ಕೇಂದ್ರ ಸರ್ಕಾರದ 2024ರ ಮಾದರಿ ಮಾರ್ಗಸೂಚಿ ಅವಿವಾಹಿತರಿಗೂ ವಿಧವೆಯರಿಗೂ ವಿಚ್ಛೇದಿತರಿಗೂ ಪೋಷಕರಾಗುವ ಅವಕಾಶ ಕೊಟ್ಟಿತು. ಮಾರ್ಗಸೂಚಿ ಬದಲಾಯಿತಾದರೂ ಮೇಜಿನ ಮೇಲಿದ್ದ ನಮೂನೆ ಬದಲಾಗಲಿಲ್ಲ. ಅದರಲ್ಲಿದ್ದ ‘ಪತಿಯ ಹೆಸರು’ ಎಂಬ ಕಾಲಂ ಖಾಲಿ ಇದೆಯೆಂದು ನನ್ನ ಅರ್ಜಿಯನ್ನು ಎರಡು ಬಾರಿ ಹಿಂದಿರುಗಿಸಿದರು. ಮೂರನೆಯ ಬಾರಿ ಮಾರ್ಗಸೂಚಿಯ ಪ್ರತಿಯನ್ನೇ ಲಗತ್ತಿಸಿದಾಗ, ಮಗುವಿನ ಖರ್ಚಿಗೆಂದು ಸರ್ಕಾರದಿಂದ ತಿಂಗಳಿಗೆ ಸಿಗುವ 4,000 ರೂಪಾಯಿಗಾಗಿ ಇಷ್ಟೆಲ್ಲ ಓಡಾಟವೇ ಎಂದು ಒಬ್ಬ ಸಿಬ್ಬಂದಿ ಕೇಳಿದರು. ಆ ಮೊತ್ತದಲ್ಲಿ ಒಂದು ಮಗುವಿನ ಊಟ, ಬಟ್ಟೆ, ಓದು ಹೇಗೆ ನಡೆಯುತ್ತದೆಂದು ಅವರೇ ಲೆಕ್ಕ ಹಾಕಿ ತೋರಿಸಬಹುದಿತ್ತು.

ಮನೆ ಪರಿಶೀಲನೆಗೆ ಬಂದವರು ಕೋಣೆಯ ಉದ್ದಗಲ ಅಳೆದರು, ಸಂಬಳದ ಚೀಟಿ ನೋಡಿದರು, ಹೋದರು. ಆಮೇಲೆ ಕಡತ, ಇಂಥ ಅರ್ಜಿಗಳ ಮೇಲೆ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕುಳಿತಿತು. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರಬೇಕಾದ, ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕಾದ ಸಮಿತಿಯಲ್ಲಿ ಸ್ಥಾನಗಳೇ ಖಾಲಿ ಬಿದ್ದಿವೆ. ಅಂತಿಮ ಆದೇಶದ ಹೊತ್ತಿಗೆ ಕನಿಷ್ಠ ಮೂವರು ಹಾಜರಿರಬೇಕೆಂಬ ನಿಯಮವಿರುವುದರಿಂದ, ಇಬ್ಬರೇ ಬಂದ ದಿನವೆಲ್ಲ ನಾನು ಕಚೇರಿಗೆ ರಜೆ ಹಾಕಿ ಹೋಗಿ ‘ಕೋರಂ ಇಲ್ಲ’ ಎಂಬ ಉತ್ತರ ಕೇಳಿ ಬಂದಿದ್ದೇನೆ. ಮೂವರಿರಬೇಕೆಂಬ ನಿಯಮದ ಮೇಲೆ ನನಗೆ ತಕರಾರಿಲ್ಲ, ಮಗುವಿನ ಬದುಕನ್ನು ಒಬ್ಬರೇ ತೀರ್ಮಾನಿಸಬಾರದು. ಆದರೆ ಖಾಲಿ ಸ್ಥಾನವನ್ನು ಇಷ್ಟು ದಿನದೊಳಗೆ ತುಂಬಲೇಬೇಕು, ತುಂಬದಿದ್ದರೆ ಇಂಥವರು ಉತ್ತರಿಸಬೇಕು ಎಂದು ಕಟ್ಟುನಿಟ್ಟಾಗಿ ಬರೆಯದ ಸುಧಾರಣೆ ಯಾರಿಗಾಗಿ?

ಪೋಷಕತ್ವದಲ್ಲಿರುವ ಮಗುವನ್ನು ದತ್ತು ಪಡೆಯಲು ಹಿಂದೆ ಐದು ವರ್ಷ ಕಾಯಬೇಕಿತ್ತು, ಈಗ ಎರಡೇ ವರ್ಷ ಸಾಕು ಎಂದು ಎಲ್ಲರೂ ಹೊಗಳುತ್ತಾರೆ. ಆ ಎರಡು ವರ್ಷದ ಎಣಿಕೆ ಶುರುವಾಗುವುದು ಮಗು ಮನೆಯ ಹೊಸ್ತಿಲು ದಾಟಿದ ಮೇಲೆ. ಅದಕ್ಕೆ ಮುಂಚೆ ಕಡತದಲ್ಲಿ ಕಳೆದುಹೋಗುವ ತಿಂಗಳುಗಳು ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಹುಡುಗಿಯ ವಯಸ್ಸಿಗೆ ಮಾತ್ರ ಸೇರುತ್ತವೆ. ನಾನು ಮೊದಲು ಕಂಡಾಗ ಅವಳಿಗೆ ಒಂಬತ್ತು, ಈಗ ಹನ್ನೊಂದಾಗುತ್ತಿದೆ.

ಮುಂದಿನ ದಿನಾಂಕ ಯಾವುದೆಂದು ಕೇಳಿದರೆ ಫೋನ್ ಮಾಡಿ ತಿಳಿಸುತ್ತೇವೆ ಎನ್ನುತ್ತಾರೆ. ನನ್ನ ನಂಬರನ್ನು ಇದುವರೆಗೆ ಐದು ಬಾರಿ ಬರೆದುಕೊಂಡಿದ್ದಾರೆ.