ಸ್ಪಷ್ಟನೆ: ಸೆರೆಬ್ರಲ್ ಪಾಲ್ಸಿಗೆ ಹೆರಿಗೆಯೊಂದೇ ಕಾರಣವಲ್ಲ

‘ಹೆರಿಗೆ ತಡವಾಗಿ ಮಗುವಿಗೆ ಉಸಿರು ಕಟ್ಟುವುದರಿಂದಲೇ ಸೆರೆಬ್ರಲ್ ಪಾಲ್ಸಿ ಬರುತ್ತದೆ, ಸಿಸೇರಿಯನ್ ಮಾಡಿಸಿದರೆ ತಪ್ಪುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಸೆರೆಬ್ರಲ್ ಪಾಲ್ಸಿ ಎಂದರೆ ಬೆಳೆಯುತ್ತಿರುವ ಮಿದುಳಿಗಾದ ಹಾನಿ ಅಥವಾ ದೋಷದಿಂದ ಮಗುವಿನ ಚಲನೆ, ಸ್ನಾಯುಗಳ ಹಿಡಿತ ಕುಂಠಿತವಾಗುವ ಸ್ಥಿತಿ. ಆ ಸಂದೇಶ ಅರ್ಧ ಸತ್ಯ. ಇದನ್ನು ನಂಬಿ ತಮ್ಮನ್ನೇ ಹಳಿದುಕೊಳ್ಳುವ ತಾಯಂದಿರಿದ್ದಾರೆ ಎಂಬುದೇ ನನ್ನ ಸಂಕಟ.

ಕಷ್ಟದ ಹೆರಿಗೆಗೂ ಈ ಸ್ಥಿತಿಗೂ ನಂಟು ಹಾಕಿದವರು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್, 1862ರಲ್ಲಿ. ಆಗ ನರವೈದ್ಯರಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲೇ ಅದನ್ನು ಪ್ರಶ್ನಿಸಿದರು: ಗರ್ಭದಲ್ಲಿ ಮೊದಲೇ ಆಗಿರುವ ತೊಂದರೆಯ ಲಕ್ಷಣವಾಗಿಯೇ ಹೆರಿಗೆ ಕಷ್ಟವಾಗಿರಬಹುದಲ್ಲವೇ? ನಂತರದ ಅಧ್ಯಯನಗಳು ಬಹುಮಟ್ಟಿಗೆ ಅವರ ಕಡೆಗೇ ವಾಲಿದವು. ಶ್ರೀಮಂತ ದೇಶಗಳಲ್ಲಿ ಹೆರಿಗೆ ವೇಳೆಯ ಆಮ್ಲಜನಕದ ಕೊರತೆಯಿಂದಾದ ಪ್ರಕರಣಗಳು ಸುಮಾರು ಶೇ 10 ಮಾತ್ರ. ಅವಧಿಗೆ ಮುಂಚಿನ ಜನನ, ಗರ್ಭದಲ್ಲಿನ ಸೋಂಕು, ಮಿದುಳಿನ ಬೆಳವಣಿಗೆಯ ದೋಷ ಇವುಗಳ ಪಾಲು ದೊಡ್ಡದು. ಸಿಸೇರಿಯನ್ ಹಲವು ಪಟ್ಟು ಹೆಚ್ಚಿದರೂ ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ಇದರ ಪ್ರಮಾಣ ಅದಕ್ಕೆ ತಕ್ಕಂತೆ ಇಳಿಯಲಿಲ್ಲ.

ಹಾಗೆಂದು ಹೆರಿಗೆಯ ಆರೈಕೆಯಲ್ಲಿ ಉದಾಸೀನ ಸಲ್ಲದು. ಭಾರತದಲ್ಲಿ ಉಸಿರುಗಟ್ಟುವಿಕೆ ಇಂದಿಗೂ ಮುಖ್ಯ ಕಾರಣಗಳಲ್ಲೊಂದು. ನವಜಾತ ಶಿಶುವಿನ ಕಾಮಾಲೆಯೂ ಅಷ್ಟೇ: ರಕ್ತದಲ್ಲಿನ ಹಳದಿ ವರ್ಣದ್ರವ್ಯವಾದ ಬಿಲಿರುಬಿನ್ ಮಿತಿಮೀರಿದರೆ ಮಿದುಳಿಗೆ ಹಾನಿಯಾಗುತ್ತದೆ. ಅಂಗಾಲಿನವರೆಗೂ ಹಳದಿ ಇಳಿದು, ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಎಳೆಬಿಸಿಲಿಗೆ ಹಿಡಿಯುತ್ತಾ ದಿನ ದೂಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.